ಮಾವನವರ ವಿಮಾನ

ಮೊಳೆ ಹೊಡೆಯಿರಿ ಎಂದರೆ ನಾನು ಸುತ್ತಿಗೆಗಿಂತ ಮೊದಲು ಬೆರಳಿಗೆ ಸುತ್ತಿಕೊಳ್ಳಲು ಬಟ್ಟೆಯ ಚೂರು ಹುಡುಕುವವನು. ದೇವರು ಕೆಲವರಿಗೆ ಬುದ್ಧಿಯನ್ನು ತಲೆಯಲ್ಲಿ ಇಡುತ್ತಾನೆ, ಕೆಲವರಿಗೆ ಕೈಯಲ್ಲಿ. ಎರಡೂ ಕಡೆ ಇಡಲು ಮರೆತವರನ್ನು ಕೊನೆಗೆ ಯಾವುದಾದರೂ ಪೇಢಿಯಲ್ಲಿ ಗುಮಾಸ್ತರನ್ನಾಗಿ ಕೂರಿಸಿಬಿಡುತ್ತಾನೆ. ಇಚಲಕರಂಜಿಯ ಒಂದು ನೂಲಿನ ವ್ಯಾಪಾರದ ಪೇಢಿಯಲ್ಲಿ ಕೂತು ಕೂತು ನಾನು ಈ ತೀರ್ಮಾನಕ್ಕೆ ಬಂದಿದ್ದೇನೆ. ಮನೆಯಲ್ಲಿ ಏನಾದರೂ ಕೆಟ್ಟರೆ ನನ್ನ ಹೆಂಡತಿ ಶಾಂತಾ ಅದನ್ನು ನನ್ನ ಕಣ್ಣಿಗೆ ಬೀಳದಂತೆ ಮುಚ್ಚಿಡುತ್ತಾಳೆ. ಕೆಟ್ಟದ್ದು ಕೆಟ್ಟಷ್ಟಕ್ಕೇ ಇರಲಿ, ಇವರ ಕೈ ತಾಗಿ ಅದಕ್ಕೆ ಗತಿ ಕಾಣಿಸುವುದು ಬೇಡ ಎಂದು ಅವಳ ಕಾಳಜಿ. ಇಂಥ ನಾನು ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಒಂದು ಯುದ್ಧವಿಮಾನ ಕಟ್ಟಿದೆ ಎಂದರೆ ಓದುವವರು ನಂಬಲಿಕ್ಕಿಲ್ಲ. ಮೊಳ ಉದ್ದದ್ದು, ಪ್ಲಾಸ್ಟಿಕ್ಕಿನದು, ಹಾರುವಂಥದ್ದಲ್ಲ. ಆದರೂ ವಿಮಾನ ವಿಮಾನವೇ.

ಅದಕ್ಕೆ ಕಾರಣ ಶೋಕಿಯಲ್ಲ. ಆ ವರ್ಷ ಬೇಸಿಗೆಯಲ್ಲಿ ಗಡಹಿಂಗ್ಲಜದಲ್ಲಿ ನಮ್ಮ ಅತ್ತೆಯವರು ತೀರಿಕೊಂಡರು. ಅವರನ್ನು ಮಣ್ಣು ಮಾಡಿ ಬಂದ ದಿನದಿಂದ ಮಾವನವರು ಮಾತು ಬಿಟ್ಟರು. ರೋಗವಿಲ್ಲ, ರುಜಿನವಿಲ್ಲ. ಕರೆದರೆ ಏಳುತ್ತಾರೆ, ಬಡಿಸಿದರೆ ಉಣ್ಣುತ್ತಾರೆ, ಹಣೆಗೆ ವಿಭೂತಿ ಧರಿಸುತ್ತಾರೆ, ಅಂಗಡಿಯ ಕಟ್ಟೆಯ ಮೇಲೆ ಬೆಲ್ಲದ ಪೆಂಟೆಗಳ ನಡುವೆ ಇನ್ನೊಂದು ಪೆಂಟೆಯ ಹಾಗೆ ಕೂತಿರುತ್ತಾರೆ. ಅಂಗಡಿ ನಡೆಸುತ್ತಿದ್ದ ನನ್ನ ಮೈದುನ ಬಸಣ್ಣ ಡಾಕ್ಟರರನ್ನು ಕರೆಸಿದ, ಮಠದ ಸ್ವಾಮಿಗಳನ್ನು ಕರೆಸಿದ, ಅವರ ಹಳೆಯ ಗೆಳೆಯರನ್ನೂ ಕರೆಸಿದ. ಎಲ್ಲರೂ ಮಾತಾಡಿ ಹೋದರು, ಮಾವನವರು ಕೇಳಿ ಸುಮ್ಮನಾದರು. ಶಾಂತಾ ಅವರ ಒಬ್ಬಳೇ ಮಗಳು. ಊರಿಗೆ ಹೋಗಿ ಬಂದಾಗಲೆಲ್ಲ ಅಡಿಗೆಮನೆಯಲ್ಲಿ ಕೂತು ಅಳುತ್ತಿದ್ದಳು. "ಏನೂ ಬ್ಯಾಡ್ರಿ ನನಗ. ಒಂದ ಸಲ ಶಾಂತಾ ಅಂತ ಕರದ್ರ ಸಾಕು. ನನ್ನ ಹೆಸರs ಮರತ ಹೋಗಿರಬೇಕ ಅವರಿಗೆ" ಅನ್ನುತ್ತಿದ್ದಳು. ನಾನು ಅವಳಿಗೆ ನೀರು ತಂದು ಕೊಟ್ಟು ಪಕ್ಕದಲ್ಲಿ ಕೂರುತ್ತಿದ್ದೆ.

ಮಾವನವರು ಮೊದಲೂ ಮಾತಿನ ಮಲ್ಲರಲ್ಲ. ಆದರೆ ಒಂದು ವಿಷಯ ತೆಗೆದರೆ ಮಾತ್ರ ಊಟದ ಕೈ ಒಣಗುವ ತನಕ ಮಾತಾಡುತ್ತಿದ್ದರು. ಅದು ಅವರ ಇಮಾನದ, ಅಂದರೆ ವಿಮಾನದ ವಿಷಯ. ಮಹಾಯುದ್ಧದ ಕಾಲಕ್ಕೆ ಹರೆಯದ ಹುರುಪಿನಲ್ಲಿ ಮನೆಯವರಿಗೆ ಹೇಳದೆ ವಾಯುದಳ ಸೇರಿ, ಬರ್ಮಾದ ದಿಕ್ಕಿನ ಯಾವುದೋ ಬಯಲಿನಲ್ಲಿ ಹರಿಕೇನ್ ಎಂಬ ಕಾಳಗದ ವಿಮಾನಗಳಿಗೆ ಬಣ್ಣ ಬಳಿಯುವ ಕೆಲಸ ಮಾಡಿದವರು ಅವರು. ಯುದ್ಧ ಮುಗಿದ ಮೇಲೆ ಬಂದು ಅಪ್ಪನ ಬೆಲ್ಲದ ಅಂಗಡಿಯಲ್ಲಿ ಕೂತರು. ಒಂದು ಸಲವೂ ವಿಮಾನದ ಒಳಗೆ ಕೂತು ಹಾರಿದವರಲ್ಲ. ಆದರೂ "ನಮ್ಮ ಇಮಾನ" ಅನ್ನುವಾಗ ಅವರ ಬೆನ್ನು ತಾನೇ ನೆಟ್ಟಗಾಗುತ್ತಿತ್ತು.

ಶ್ರಾವಣದಲ್ಲಿ ನಾವು ಅಂಬಾಬಾಯಿಯ ದರ್ಶನಕ್ಕೆಂದು ಕೊಲ್ಹಾಪುರಕ್ಕೆ ಹೋಗಿದ್ದೆವು. ಗುಡಿಯಿಂದ ಹೊರಬಿದ್ದು ಬಳೆ ನೋಡುತ್ತ ಹೋಗುತ್ತಿದ್ದ ಶಾಂತಾ ಒಂದು ಆಟಿಕೆ ಸಾಮಾನಿನ ಅಂಗಡಿಯ ಮುಂದೆ ಗಕ್ಕನೆ ನಿಂತಳು. ಗಾಜಿನ ಕಪಾಟಿನಲ್ಲಿ ಬಿಸಿಲು ತಿಂದು ಬೆಳ್ಳಗಾದ ಒಂದು ರಟ್ಟಿನ ಪೆಟ್ಟಿಗೆ, ಅದರ ಮೇಲೆ ವಿಮಾನದ ಚಿತ್ರ. ಹೆಸರು ಓದಿದೆ. ಹರಿಕೇನ್! "ಇದು ಅಪ್ಪನ ಇಮಾನ ಅಲ್ಲೇನ್ರಿ?" ಎಂದು ಅವಳು ನನ್ನ ತೋಳು ಹಿಡಿದಳು. ಅಂಗಡಿಯವ ಧೂಳು ಝಾಡಿಸಿ ಕೆಳಗಿಳಿಸಿ, "ಹೇ ಕೋಣೀ ಘೇತ ನಾಹೀ, ಸಾಹೇಬ" ಎಂದ. ಇದನ್ನು ಯಾರೂ ಕೊಳ್ಳುವುದಿಲ್ಲ ಎಂದು ಅವನೇ ಹೇಳಿದ ಮೇಲೂ ಕೊಂಡವರು ನಾವು. "ಖಂಡೇನವಮಿಗೆ ಅಪ್ಪನ ಮುಂದ ಒಯ್ದ ಇಡೂಣ್ರಿ. ಇದನ್ನ ನೋಡಿದ್ರರ ಬಾಯಿ ಬಿಡತಾರೇನ" ಎಂದು ದಾರಿಯುದ್ದಕ್ಕೂ ಹೇಳುತ್ತ ಬಂದಳು. ಅವಳ ಮುಖದ ಮೇಲೆ ಎಷ್ಟೋ ದಿನಗಳ ನಂತರ ಕಂಡ ಆಸೆಯ ಎದುರು ನನಗೆ ಕೆಲಸ ಬರುವುದಿಲ್ಲ ಎಂದು ಹೇಳುವ ಧೈರ್ಯ ಆಗಲಿಲ್ಲ.

ಪೆಟ್ಟಿಗೆ ತೆರೆದಾಗ ಒಳಗೆ ವಿಮಾನ ಇರಲಿಲ್ಲ. ವಿಮಾನದ ಅಸ್ಥಿ ಇತ್ತು. ಬಿಡಿಸಿದ ಅವರೆಕಾಳಿನಷ್ಟು ಸಣ್ಣ ಸಣ್ಣ ತುಂಡುಗಳು, ಒಂದು ಅಂಟಿನ ಕೊಳವೆ, ಎಲ್ಲಿ ಏನು ಹಚ್ಚಬೇಕೆಂದು ಬಾಣದ ಗುರುತು ಹಾಕಿದ ಒಂದು ಹಾಳೆ. ನಮ್ಮ ಮನೆಗೂ ಪಕ್ಕದ ಪಾವರ್‌ಲೂಮಿನ ಶೆಡ್ಡಿಗೂ ಒಂದೇ ಗೋಡೆ. ಮಗ್ಗಗಳು ಖಟಖಟ ಶುರುವಾದರೆ ನಮ್ಮ ನೀರಿನ ಕೊಡದಲ್ಲಿ ತೆರೆ ಏಳುತ್ತವೆ. ನಾನು ರೆಕ್ಕೆಯನ್ನು ಅಂಟಿಸಿ ಕೈ ಬಿಡುತ್ತಿದ್ದೆ, ಅದು ಮಗ್ಗದ ತಾಳಕ್ಕೆ ಮೆಲ್ಲಗೆ ಸರಿದು ಬಾಲದ ಕಡೆ ಹೋಗಿ ಕೂರುತ್ತಿತ್ತು. ಕೊನೆಗೆ ಉಪಾಯ ಹೊಳೆಯಿತು. ಕರೆಂಟು ಹೋದಾಗ ಮಾತ್ರ ಅಂಟಿಸುವುದು! ಇಡೀ ಇಚಲಕರಂಜಿಯಲ್ಲಿ ಕರೆಂಟು ಹೋದರೆ ಮಾಲಕರು ಬೈಯುತ್ತಿದ್ದರು, ಕೆಲಸಗಾರರು ತಲೆಯ ಮೇಲೆ ಕೈ ಹೊತ್ತು ಬೀಡಿ ಹಚ್ಚುತ್ತಿದ್ದರು. ನಾನೊಬ್ಬ ಮಾತ್ರ ಸಾಹೇಬರ ಅಪ್ಪಣೆ ಕೇಳಿ ಪೇಢಿಯಿಂದ ಮನೆಗೆ ಓಡುತ್ತಿದ್ದೆ. ಬಡವರ ಹೊಟ್ಟೆಯ ಮೇಲೆ ಬಂದ ಕತ್ತಲೆ ನನಗೆ ಅನುಕೂಲವಾಗುತ್ತಿದೆಯಲ್ಲ ಎಂದು ಮನಸ್ಸಿಗೆ ಕಸಿವಿಸಿಯಾಗುತ್ತಿತ್ತು. ಆದರೂ ಓಡುತ್ತಿದ್ದೆ.

ಬಣ್ಣದ್ದು ಇನ್ನೊಂದು ಪುರಾಣ. ಹಾರ್ಡ್‌ವೇರಿನ ಅಂಗಡಿಯಲ್ಲಿ ಬಾಗಿಲಿಗೆ ಬಳಿಯುವ ಕಂದು ಸಿಕ್ಕಿತು, ಬೆಂದೂರ ಹಬ್ಬಕ್ಕೆ ಎತ್ತಿನ ಕೋಡಿಗೆ ಹಚ್ಚಿ ಉಳಿದ ಹಸಿರು ಸಿಕ್ಕಿತು. ಎರಡನ್ನೂ ಮಂಕು ಮಾಡಲು ಕರಿ ಬೆರೆಸಿದೆ. ಕೋಡಿನ ಹಸಿರಿಗೆ ಒಂದು ಗುಣವಿದೆ, ಎಷ್ಟು ಕರಿ ಬೆರೆಸಿದರೂ ಅದು ಹಬ್ಬದ ಹಾಗೇ ಮಿಂಚುತ್ತದೆ. ಶಾಂತಾಗೆ ಕಂದು ಬಣ್ಣವೇ ಸೇರಲಿಲ್ಲ. "ಹಬ್ಬದ ದಿವಸ ಒಯ್ಯೂ ಸಾಮಾನಕ್ಕ ರಾಡಿ ಬಡಧಂಗ ಬಡದೀರಲ್ರಿ. ಒಂದೀಟ ಹಳದಿ ಹಚ್ಚಬಾರದ?" ಎಂದಳು. ಯುದ್ಧದ ವಿಮಾನ ನೆಲದ ಬಣ್ಣದಲ್ಲೇ ಅಡಗಬೇಕು ಎಂದು ನಾನು ಗಂಭೀರವಾಗಿ ತಿಳಿಹೇಳಿದೆ. ಪೆಟ್ಟಿಗೆಯಲ್ಲಿ ರೆಕ್ಕೆಗೆ ಅಂಟಿಸುವ ದುಂಡು ಗುರುತಿನ ಚೀಟಿಗಳಿದ್ದವು. ನೀರಿಗೆ ಹಾಕಿದ ತಕ್ಷಣ ಹಳೆಯ ಹಪ್ಪಳದ ಹಾಗೆ ಚೂರಾದವು. ಆ ಗುರುತನ್ನೂ ಕೈಯಿಂದಲೇ ಬರೆಯಬೇಕಾಯಿತು. ಪೆಟ್ಟಿಗೆಯ ಮೇಲಿನ ಚಿತ್ರ ನೋಡಿದೆ. ಸುತ್ತ ನೀಲಿ ಬಳೆ, ನಡುವೆ ಬಿಳಿ. ಹಾಗೇ ಬರೆದೆ. ಅಂಗಡಿಯ ಬಿಸಿಲಿಗೆ ಆ ಚಿತ್ರದ ಕೆಂಪೆಲ್ಲ ಹಾರಿಹೋಗಿದೆ ಎಂಬುದು ನನಗೆ ಆಗ ಗೊತ್ತಾಗಲಿಲ್ಲ. ಗೊತ್ತಾಗದೆ ಇದ್ದದ್ದೇ ಒಳ್ಳೆಯದಾಯಿತು.

ಹಬ್ಬದ ಹಿಂದಿನ ದಿನದವರೆಗೂ ಬಿಟ್ಟೂ ಬಿಡದ ಜಿಟಿಜಿಟಿ ಮಳೆ. ಬಿಳಿ ಬಣ್ಣ ಒಣಗಲೇ ಇಲ್ಲ, ಮುಟ್ಟಿದರೆ ಬೆರಳಿಗೆ ಹತ್ತುತ್ತಿತ್ತು. ಹಾಗೇ ವಿಮಾನವನ್ನು ಒಂದು ರಟ್ಟಿನ ಡಬ್ಬಿಯಲ್ಲಿಟ್ಟು, ಮುಚ್ಚಳ ಹಾಕಿದರೆ ಬಣ್ಣ ಕಿತ್ತೀತೆಂದು ತೆರೆದೇ ತೊಡೆಯ ಮೇಲೆ ಹಿಡಿದು, ಎಸ್ಟಿ ಬಸ್ಸು ಹತ್ತಿದೆ. ಕಂಡಕ್ಟರ್ ಟಿಕೇಟು ಹರಿಯುತ್ತ, "ವಿಮಾನ ಅಸೂನ ಎಸ್ಟೀನಂ ಕಶಾಲಾ ಜಾತಾ?" ಎಂದ. ಸ್ವಂತ ವಿಮಾನವಿದ್ದೂ ಬಸ್ಸಿನಲ್ಲಿ ಯಾಕೆ ಹೋಗುತ್ತೀರಿ ಎಂಬ ಅವನ ಪ್ರಶ್ನೆಗೆ ಬಸ್ಸೆಲ್ಲ ನಕ್ಕಿತು. ಶಾಂತಾ ನಗಲಿಲ್ಲ. ಕಿಟಕಿಯ ಹೊರಗೆ ನೋಡುತ್ತ, "ಮಾತಾಡತಾರಲ್ಲರಿ?" ಎಂದು ಕೇಳಿದಳು. "ಆಡತಾರ ಬಿಡು" ಎಂದೆ. ಸಂಕೇಶ್ವರ ದಾಟುವ ತನಕ ಇದೇ ಪ್ರಶ್ನೆ, ಇದೇ ಉತ್ತರ.

ಖಂಡೇನವಮಿಯ ಬೆಳಿಗ್ಗೆ ಬಸಣ್ಣ ಆಯುಧಪೂಜೆಗೆಂದು ಪಡಸಾಲೆಯಲ್ಲಿ ಕಂಬಳಿ ಹಾಸಿ ಮನೆಯ ಆಯುಧಗಳನ್ನೆಲ್ಲ ಸಾಲಾಗಿ ಇಟ್ಟಿದ್ದ. ತಕ್ಕಡಿ, ತೂಕದ ಕಲ್ಲು, ಕುಡುಗೋಲು, ಕೊಡಲಿ, ಬೆಲ್ಲ ಒಡೆಯುವ ಸಲಾಕೆ. ಪೂಜೆಗೆ ನಿಲ್ಲಿಸಿದ್ದ ಎರಡು ಕಬ್ಬಿನ ನಡುವೆ ಜಾಗ ಮಾಡಿ ನನ್ನ ಯುದ್ಧವಿಮಾನವನ್ನೂ ಇಟ್ಟರು. ಆಯುಧವೇ ತಾನೆ ಅದೂ! ನಾನು ಸ್ನಾನಕ್ಕೆ ಹೋದೆ. ತಿರುಗಿ ಬಂದು ನೋಡುತ್ತೇನೆ, ಶಾಂತಾ ಪೂಜೆ ಮುಗಿಸಿದ್ದಳು. ತಕ್ಕಡಿಗೆ ಕುಂಕುಮ, ಕೊಡಲಿಗೆ ಕುಂಕುಮ, ಸಲಾಕೆಗೆ ಕುಂಕುಮ. ವಿಮಾನದ ರೆಕ್ಕೆಯ ಮೇಲಿನ ಎರಡೂ ಬಿಳಿ ದುಂಡಿನ ನಟ್ಟನಡುವೆ ಹೆಬ್ಬೆರಳಿನಿಂದ ಒತ್ತಿದ ದುಂಡನೆ ಕುಂಕುಮ! "ಏನ ಮಾಡಿದಿ ಇದು? ಬಣ್ಣ ಹಸಿ ಐತಿ" ಎಂದೆ. "ಬೋಳ ಹಣೀ ಇದ್ಧಂಗ ಕಾಣತಿತ್ತರಿ. ಹಬ್ಬದ ದಿವಸ ಹಂಗ ಇಡಬಾರದು" ಎಂದಳು ಅವಳು ನಿಶ್ಚಿಂತೆಯಿಂದ. ವಾದ ಮಾಡಲು ಹೊತ್ತಿರಲಿಲ್ಲ. ಬಸಣ್ಣ ಮಾವನವರ ಕೈ ಹಿಡಿದು ಕರೆತಂದು ಮಣೆಯ ಮೇಲೆ ಕೂರಿಸಿದ.

ಮಾವನವರು ಎಲ್ಲಕ್ಕೂ ಕೈ ಮುಗಿದರು. ದೃಷ್ಟಿ ತಕ್ಕಡಿಯಿಂದ ಕೊಡಲಿಗೆ ಹೋಯಿತು, ಕೊಡಲಿಯಿಂದ ವಿಮಾನಕ್ಕೆ ಬಂದು ನಿಂತಿತು. ಅವರು ನೋಡುತ್ತಲೇ ಇದ್ದರು. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಇಷ್ಟು ದಿನದ ಖಟಾಟೋಪ ವ್ಯರ್ಥವಾಯಿತು ಎಂದು ನನಗೆ ಖಾತ್ರಿಯಾಯಿತು. ಶಾಂತಾಳ ಕಡೆ ನೋಡಲು ನನಗೆ ಹೆದರಿಕೆ. ಆಗ ಮಾವನವರು ಮುಂದಕ್ಕೆ ಬಗ್ಗಿ, ಬೆರಳು ಚಾಚಿ, ಮನೆಯೆಲ್ಲ ಕೇಳುವ ಹಾಗೆ ಗದರಿದರು. "ಶಾಂತಾ! ಯಾರ ಹಚ್ಚಿದ್ರು ಇದನ್ನ? ಅಳಸ ಮದಲ! ನಮ್ಮವರs ಹೊಡದ ಕೆಡವತಾರ!"

ಬೈಗುಳ ಅವಳ ಕಿವಿಗೆ ಬೀಳಲೇ ಇಲ್ಲ. ಬಿದ್ದದ್ದು ಹೆಸರು ಮಾತ್ರ. ಕಂಬಕ್ಕೆ ಆತು ನಿಂತು ಸೆರಗು ಬಾಯಿಗೆ ಒತ್ತಿಕೊಂಡು, "ನಾನs ಹಚ್ಚೇನಿ ಅಪ್ಪಾ, ನಾನs" ಎಂದು ಅತ್ತಳು. ಮಾವನವರು ವಿಮಾನವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ಧೋತರದ ಚುಂಗಿನಿಂದ ಕುಂಕುಮ ಒರೆಸತೊಡಗಿದರು. ಒರೆಸುತ್ತ ಒರೆಸುತ್ತ ಮಾತು ತಾನಾಗಿ ಬಂತು. "ಜಪಾನದವರ ಇಮಾನದ ಮ್ಯಾಲೆ ಕೆಂಪ ದುಂಡ ಇರತಿತ್ತು. ನಮ್ಮದರ ನಡುವನೂ ಕೆಂಪ. ಮ್ಯಾಲೆ ಹಾರಿದ್ರ ಕೆಳಗಿನವರಿಗೆ ಕೆಂಪ ಅಷ್ಟ ಕಾಣತೈತಿ. ನಮ್ಮ ಮಂದಿನs ನಮ್ಮ ಇಮಾನಕ್ಕ ಗುಂಡ ಹಾಕಬಾರದು, ಕೆಂಪ ಅಳಸರಿ ಅಂತ ಹುಕುಂ ಬಂತು. ಇದ್ದಷ್ಟ ಇಮಾನದ್ದ ಕೆಂಪ ಮುಚ್ಚಿ ಬಿಳೇದ ಬಡದಾಂವ ನಾನು."

ಒರೆಸುತ್ತಿದ್ದ ಕೈ ನಿಂತಿತು. ಮತ್ತೆ ಬಾಯಿ ಕಟ್ಟಿತೋ ಎಂದು ನಮಗೆ ಭಯವಾಯಿತು. ಆಮೇಲೆ ಮಗಳ ಕಡೆ ತಿರುಗಿ ಹೇಳಿದರು. "ಸೂಟಿಗೆ ಬಂದಾಗ ನಿಮ್ಮವ್ವ ಕೇಳಿದ್ಲು, ಅಲ್ಲಿ ಏನ ಕೆಲಸಾ ಮಾಡತೀರಿ ಅಂತ. ಲಗ್ನ ಆಗಿ ಭಾಳ ದಿವಸ ಆಗಿದ್ದಿಲ್ಲ. ಕುಂಕುಮ ಅಳಸತೇನಿ ಅಂದ್ನಿ. ಚ್ಯಾಷ್ಟಿಗೆ ಅಂದದ್ದು. ಅಕಿ ನಗಲಿಲ್ಲ. ಅವತ್ತ ಊಟಾ ಬಿಟ್ಲು. ನೀವ ಅಲ್ಲಿ ಅಳಸರಿ, ನಾ ಇಲ್ಲಿ ದೊಡ್ಡದ ಹಚ್ಚಕೊಂಡ ಕುಂಡರತೇನಿ ಅಂದ್ಲು. ಅವತ್ತಿನಿಂದ ರೂಪಾಯಿ ಅಗಲ ಹಚ್ಚಿದ್ಲು. ಹಚ್ಚಕೊಂಡs ಹೋದ್ಲು."

ಅತ್ತೆಯವರ ಹಣೆಯ ಕುಂಕುಮವನ್ನು ಗಡಹಿಂಗ್ಲಜದಲ್ಲಿ ನೋಡದವರಿಲ್ಲ. ಹೆಂಗಸರು ಅದನ್ನು ನೋಡಿ ಹಿಂದಿನಿಂದ ನಗುತ್ತಿದ್ದದ್ದೂ ಉಂಟು. ಅದರ ಕಾರಣ ಆ ಮನೆಯಲ್ಲಿ ಹುಟ್ಟಿದವರಿಗೂ ಗೊತ್ತಿರಲಿಲ್ಲ. ಮಾವನವರು ವಿಮಾನವನ್ನು ಎದೆಗೆ ಒತ್ತಿಕೊಂಡು ಅತ್ತರು. ಅತ್ತೆಯವರು ಹೋದ ದಿನವೂ ಅಳದವರು ಆಯುಧಗಳ ಮುಂದೆ ಕೂತು ಸಣ್ಣ ಮಗುವಿನ ಹಾಗೆ ಅತ್ತರು. ನನ್ನ ಕಣ್ಣೂ ಒದ್ದೆಯಾಯಿತು. ಆ ಒದ್ದೆ ಕಣ್ಣಿನಲ್ಲೂ ನನಗೆ ಕಂಡದ್ದೇನೆಂದರೆ, ಹಸಿ ಬಣ್ಣಕ್ಕೆ ಕುಂಕುಮ ಹತ್ತಿ ನನ್ನ ಬಿಳಿ ದುಂಡುಗಳು ನಸುಗೆಂಪಾಗಿ ಕೆಟ್ಟುಹೋಗಿದ್ದವು. ಕೈಚೀಲದಲ್ಲಿ ಬಿಳಿ ಬಣ್ಣದ ಡಬ್ಬಿ ತಂದಿದ್ದೆ. ಅದನ್ನು ಹಿಡಿದು ಮುಂದೆ ಹೋಗಿ, "ಕೊಡ್ರಿ ಮಾವಾರ, ಮತ್ತೊಮ್ಮಿ ಬಿಳೇದ ಹಚ್ಚತೇನಿ" ಎಂದೆ. ಅವರು ನನ್ನ ಮುಂಗೈ ಹಿಡಿದುಕೊಂಡರು. "ಇರ್ಲಿ ಬಿಡ್ರಿ ಅಳಿಯಂದ್ರ. ಯುದ್ಧ ಮುಗದೈತಿ" ಎಂದರು.

ಇಷ್ಟಕ್ಕೇ ಮುಗಿದಿದ್ದರೆ ನಾನೂ ಒಬ್ಬ ಕಲಾವಿದನೆಂದು ಉಬ್ಬಿ ತಿರುಗಬಹುದಿತ್ತು. ಊಟವಾದ ಮೇಲೆ ಮಾವನವರು ವಿಮಾನವನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, "ಅಳಿಯಂದ್ರ, ಈಂವ ಯಾಕ ಹಿಂದಕ ನೋಡಾಕತ್ತಾನ?" ಎಂದರು. ಒಳಗೆ ಕೂರಿಸಿದ ಪೈಲಟ್ಟಿನ ತಲೆ ಕಡಲೆಕಾಳಿನಷ್ಟಿತ್ತು. ಟೊಪ್ಪಿಗೆ ಬೇರೆ. ಮುಖ ಯಾವುದು, ಹೆಡಕು ಯಾವುದು ತಿಳಿಯದೆ ನಾನು ಹೆಡಕಿಗೇ ಕಣ್ಣು, ಮೂಗು, ಮೀಸೆ ಬರೆದುಬಿಟ್ಟಿದ್ದೆ. ಬಸಣ್ಣ ನಕ್ಕ, ಶಾಂತಾ ನಕ್ಕಳು, ಕೊನೆಗೆ ಮಾವನವರೂ ನಕ್ಕರು. ಅಂದಿನಿಂದ ಬೆಲ್ಲ ಕೊಳ್ಳಲು ಬಂದವರಿಗೆಲ್ಲ ಅವರು ವಿಮಾನ ತೋರಿಸುತ್ತಾರೆ. "ನಮ್ಮ ಅಳಿಯಂದ್ರು ಮಾಡ್ಯಾರ, ಭಾಳ ಛಲೋ ಮಾಡ್ಯಾರ. ನಡಸಾಂವ ಅಷ್ಟ ಬಂದ ದಾರಿ ನೋಡಕೋತ ಹೊಂಟಾನ" ಎಂದು ಹೇಳಿ ನಗಿಸುತ್ತಾರೆ. ನನ್ನ ಕೀರ್ತಿ ಬೆಲ್ಲದ ಜೊತೆ ಆಜರಾ, ಉತ್ತೂರಿನ ತನಕ ಹೋಗಿದೆ.

ಮರುವರ್ಷ ಅತ್ತೆಯವರ ಪುಣ್ಯತಿಥಿ ಹತ್ತಿರ ಬಂದಾಗ ಬಸಣ್ಣನಿಂದ ಸುದ್ದಿ ಬಂತು, ಅಪ್ಪ ಮತ್ತೆ ಯಾಕೋ ಮಂಕಾಗಿದ್ದಾರೆ, ಮಾತು ಕಡಿಮೆಯಾಗಿದೆ ಎಂದು. ಶಾಂತಾ ಒಂದು ಗಳಿಗೆ ಯೋಚಿಸಿ, ಅಟ್ಟ ಹತ್ತಿ, ತವರಿನಿಂದ ತಂದಿದ್ದ, ನಿಂತುಹೋದ ಗೋಡೆ ಗಡಿಯಾರವನ್ನು ತಾನೇ ಇಳಿಸಿ ತಂದು ನನ್ನ ಮುಂದೆ ಇಟ್ಟಳು. ನನ್ನಿಂದ ಮುಚ್ಚಿಡುವ ಬದಲು ಅವಳು ಹೀಗೆ ತಂದು ಕೊಟ್ಟದ್ದು ನಮ್ಮ ಸಂಸಾರದಲ್ಲಿ ಅದೇ ಮೊದಲು. "ಇದನ್ನ ರಿಪೇರಿ ಮಾಡ್ರಿ, ಅಪ್ಪಗ ಒಯ್ದ ಕೊಡೂಣು" ಎಂದಳು. ನನಗೆ ಬರುವುದಿಲ್ಲವಲ್ಲ ಎಂದೆ. ಅವಳು ಸ್ಕ್ರೂಡ್ರೈವರನ್ನು ನನ್ನ ಕೈಗಿಟ್ಟು, ಬಹಳ ಪ್ರೀತಿಯಿಂದ ಹೇಳಿದಳು:

"ನಿಮಗ ಹೆಂಗ ಬರತೈತಿ ಹಂಗs ಮಾಡ್ರಿ. ಬಾಯಿ ಬಿಡಾಕ ಅವರಿಗೆ ಅಷ್ಟ ಸಾಕು."