ಬಿಳಿ ಮನೆಗೆ ಒಂದು ಸಹಿ

ಒಂದು ಗೆರೆ ನೆಟ್ಟಗೆ ಎಳೆದು ಮುಗಿಸಿದೆ ಅನ್ನುವಷ್ಟರಲ್ಲಿ ಯಾರಾದರೊಬ್ಬರು ಬಂದು ಅದನ್ನು ಅಳಿಸಲು ಹೇಳದ ದಿನವೇ ಇಲ್ಲ. ಸೌದಿಯ ಅಲ್ ಅಹ್ಸಾದಲ್ಲಿ ಮನೆಗಳ ನಕ್ಷೆ ಬರೆಯುವುದು ನನ್ನ ಕೆಲಸ. ಈ ಸಲ ಊರಲ್ಲಿ ಮಗಳ ನಿಶ್ಚಿತಾರ್ಥ. ರಜೆ ಕೇಳಿದರೆ ಮ್ಯಾನೇಜರು, "ಆ ಬಿಳಿ ಮನೆಯ ನಕ್ಷೆಗೆ ಮಾಲೀಕರ ಸಹಿ ಬರಲಿ, ಮರುದಿನವೇ ಹೊರಡು" ಅಂದರು. ಒಂದು ಸಹಿ ತಾನೇ ಅಂದುಕೊಂಡೆ. ನನ್ನ ಬುದ್ಧಿಗಿಷ್ಟು!

೧. ಕಿಟಕಿ

ಮಾಲೀಕರು ಸೌದಿಯವರು, ಸಜ್ಜನರು. ಎರಡು ಮಹಾಯುದ್ಧಗಳ ನಡುವೆ ಯುರೋಪಿನಲ್ಲಿ ಕಟ್ಟಿದ ಮನೆಗಳನ್ನು ಪ್ರವಾಸದಲ್ಲಿ ನೋಡಿ ಮರುಳಾಗಿ ಬಂದಿದ್ದರು. ಬೋಳು ಬಿಳಿ ಗೋಡೆ, ಚಪ್ಪಟೆ ತಾರಸಿ, ಈ ಮೂಲೆಯಿಂದ ಆ ಮೂಲೆಯವರೆಗೆ ಪಟ್ಟಿಯಂತೆ ಒಂದೇ ಉದ್ದ ಕಿಟಕಿ. ಹಾಗೆಯೇ ಬರೆದುಕೊಟ್ಟೆ.

"ಬಹಳ ಚಂದ. ಆದರೆ ಪಕ್ಕದ ಮನೆಯವರಿಗೆ ಒಳಗೆ ಕಾಣಬಾರದು" ಅಂದರು. ಕಿಟಕಿಯನ್ನು ಒಂದಡಿ ಮೇಲೆತ್ತಿದೆ. "ಇನ್ನೂ ಸ್ವಲ್ಪ." ಮತ್ತೆ ಎತ್ತಿದೆ. ಆರನೆಯ ಸಲ ಅದು ಸೂರಿಗೆ ಹೋಗಿ ತಾಗಿತು.

ನಮ್ಮ ಫೋರ್‌ಮನ್ ಉಳ್ಳಾಲದವನು. ನಕ್ಷೆಯನ್ನು ಅತ್ತಿತ್ತ ತಿರುಗಿಸಿ ನೋಡಿ, "ಎಂತ ಮಾರಾಯ್ರೇ ಇದು, ಹಲ್ಲಿಗಳಿಗೆ ಹೊರಗೆ ನೋಡ್ಲಿಕ್ಕಾ?" ಅಂದ.

೨. ಕಂಬ

ಆ ಕಾಲದ ಕೆಲವು ಮನೆಗಳಿಗೆ ಇನ್ನೊಂದು ಬೆಡಗು. ಇಡೀ ಮನೆ ಕಂಬಗಳ ಮೇಲೆ ನಿಲ್ಲುತ್ತದೆ, ಕೆಳಗೆ ಪೂರ್ತಿ ಖಾಲಿ. ಮಾಲೀಕರಿಗೆ ಈ ಕಂಬಗಳೆಂದರೆ ಪಂಚಪ್ರಾಣ.

ವಾರ ಕಳೆಯಿತು. "ಕೆಳಗೆ ಅತಿಥಿಗಳು ಕೂರಲು ಮಜ್ಲಿಸ್ ಬೇಕಲ್ಲ?" ಹಾಕಿದೆ. ಡ್ರೈವರನಿಗೆ ಕೋಣೆ. ಹಾಕಿದೆ. ಖರ್ಜೂರ ಇಡಲು ಉಗ್ರಾಣ. ಅದನ್ನೂ ಹಾಕಿದೆ. ಅವರ ತಾಯಿಗೆ ಮೆಟ್ಟಿಲು ಹತ್ತಲಾಗದು, ಆದ್ದರಿಂದ ಅವರ ಕೋಣೆಯೂ ಕೆಳಗೇ ಬಂತು. ಕಂಬಗಳ ಸುತ್ತ ಗೋಡೆ ಎದ್ದದ್ದೇ ಎದ್ದದ್ದು. ನನಗೆ ರೋಸಿಹೋಗಿತ್ತು.

ಕೊನೆಗೆ ನಕ್ಷೆ ನೋಡಿದ ಮಾಲೀಕರು ಮುಖ ಸಿಂಡರಿಸಿ ಕೇಳಿದರು: "ನನ್ನ ಕಂಬಗಳನ್ನು ಯಾರು ತೆಗೆದರು?"

೩. ಪೋಸ್ಟ್‌ಕಾರ್ಡ್

ನಿಶ್ಚಿತಾರ್ಥಕ್ಕೆ ಹತ್ತೇ ದಿನ ಉಳಿದಿತ್ತು. ಮೂಲ ಮನೆಗಳು ಹೇಗಿದ್ದವು ಅಂತ ಮಾಲೀಕರು ಇನ್ನೊಮ್ಮೆ ನೋಡಿಬಿಡಲಿ ಎಂದು ಹಳೆಯ ಫೋಟೋಗಳನ್ನು ತರಾತುರಿಯಲ್ಲಿ ಒಟ್ಟುಮಾಡಿ ಆಫೀಸಿನ ಪರದೆಯ ಮೇಲೆ ತೋರಿಸಿದೆ. ಅವುಗಳ ಮಧ್ಯೆ ಒಂದು ಅನಿಷ್ಟ ಪೋಸ್ಟ್‌ಕಾರ್ಡೂ ಸೇರಿಕೊಂಡದ್ದು ನನ್ನ ಗಮನಕ್ಕೆ ಬರಲಿಲ್ಲ. ಜರ್ಮನಿಯಲ್ಲಿ ಅಂಥ ಬಿಳಿ ಮನೆಗಳ ಬಡಾವಣೆ ಕಂಡು ಹೊಟ್ಟೆ ಉರಿದ ಯಾರೋ, ಇದು ಅರಬರ ಹಳ್ಳಿ ಎಂದು ಅಣಕಿಸಿ, ಆ ಮನೆಗಳ ಮುಂದೆ ಒಂಟೆಗಳನ್ನೂ ನಿಲುವಂಗಿಯವರನ್ನೂ ಅಂಟಿಸಿ ಮಾಡಿದ್ದ ಕಾರ್ಡು ಅದು.

ಪರದೆಯ ಮೇಲೆ ಅದು ಬಂದೊಡನೆ ಮುಂದಿನ ಫೋಟೋಗೆ ಹಾರಲು ಗುಂಡಿಗಾಗಿ ತಡಕಾಡಿದೆ. ರಜೆ ಹಾಗಿರಲಿ, ಇನ್ನು ಕೆಲಸವೂ ಹೋಯಿತು! ಮಾಲೀಕರು ಎದ್ದು ಪರದೆಯ ಹತ್ತಿರ ಹೋಗಿ ನಿಂತರು.

"ಇದೇ! ಇಷ್ಟು ದಿನ ನಾನು ಹೇಳುತ್ತಿದ್ದದ್ದು ಇದನ್ನೇ" ಎಂದು ಜೇಬಿನಿಂದ ಪೆನ್ನು ತೆಗೆದರು. ಸಹಿ ಹಾಕಲು ಬಗ್ಗಿದವರು ಹಾಗೇ ತಡೆದರು. "ಇಲ್ಲಿ ಒಂಟೆಗಳು ಬಾಗಿಲ ಮುಂದೆಯೇ ಇವೆ. ನಿನ್ನ ನಕ್ಷೆಯಲ್ಲಿ ಅವಕ್ಕೆ ಜಾಗ ಎಲ್ಲಿ? ಯಲ್ಲಾ, ಬೇಗ ಬೇಗ ಅದೊಂದು ಸೇರಿಸಿಬಿಡು." ಪೆನ್ನು ಮತ್ತೆ ಜೇಬು ಸೇರಿತು.

ಸಂಜೆ ಹೆಂಡತಿಯ ಫೋನು. "ಟಿಕೆಟ್ ಆಯ್ತಾ? ಗಂಡಿನ ಕಡೆಯವರು ಇಲ್ಲೇ ಕೂತಿದ್ದಾರೆ, ನೀವು ಯಾವಾಗ ಬರ್ತೀರಿ ಅಂತ ಕೇಳ್ತಿದ್ದಾರೆ."

"ಬರ್ತೇನೆ ಮಾರಾಯ್ತಿ! ಒಂಟೆಗೆ ಒಂದು ಕೋಣೆ ಆದ ಕೂಡ್ಲೇ ಹೊರಡ್ತೇನೆ" ಎಂದು ರೇಗಿದೆ.

ಆ ಕಡೆ ಅವಳು ಬೀಗರಿಗೆ ಮೆಲ್ಲಗೆ ಹೇಳುವುದು ಕೇಳಿಸಿತು: "ಅಲ್ಲಿ ಈ ವರ್ಷ ಬಿಸಿಲು ಸ್ವಲ್ಪ ಜಾಸ್ತಿಯಂತೆ."