ಏನಾದ್ರೂ ಮಾಡಿ ಒಂದು ನೊಗ್ಲಿ

ಸಿಗದ್ದನ್ನು ಏನಾದ್ರೂ ಮಾಡಿ ತರುವ ಕೆಲಸ ಯಾವಾಗಲೂ ನನ್ನ ತಲೆಗೇ ಬರ್ತದೆ. ಮದುವೆಯ ದಿನ ಕಾರವಾರದಿಂದ ಹಾರವಾಡಕ್ಕೆ ಈಜಿಕೊಂಡೇ ಬಂದವ ನಾನು, ಬಗಲಲ್ಲಿ ಆಳುದ್ದದ ಇಸವಾಣ ಮೀನು, ಅದೂ ಜೀವಂತ. ನೋಡಿದವರು ಮೂರು ಜನ. ಇಬ್ಬರು ಎಂದೋ ಸತ್ತರು. ಮೂರನೆಯವಳು ನನ್ನ ಹೆಂಡತಿ, ಈ ಮಳೆಗಾಲ ಹೋದಳು.

1. ದಡ

ಹನ್ನೆರಡನೇ ದಿನ ಅಂಗಳದ ಮೂಲೆಯಲ್ಲಿ ಅವಳಿಗೆ ಎಡೆ ಇಟ್ಟೆವು. ಕಾಗೆ ಇಳಿಯಲಿಲ್ಲ. ಅವ್ವಿ ಕೊನೆಗೆ ಕೇಳಿದ್ದು ನೊಗ್ಲಿ ಮೀನು, ಅದಿಲ್ಲದೆ ಮುಟ್ಟುವುದಿಲ್ಲ ಅಂತ ಮಗಳು ಅಳಲು ಕೂತಳು. ಕಾಗೆ ಮುಟ್ಟದೆ ಮನೆಯಲ್ಲಿ ಯಾರೂ ಉಣ್ಣುವ ಹಾಗಿಲ್ಲ. ಮಳೆಗಾಲದ ಕಡಲು, ದೋಣಿಗಳೆಲ್ಲ ದಡದ ಮೇಲೆ. ನಾನೊಬ್ಬನೇ ಬೀಸುಬಲೆ ಹಿಡಿದು ನೀರಿಗಿಳಿದೆ. ತೆರೆ ನನ್ನನ್ನು ಎಷ್ಟು ಮೇಲೆ ಒಯ್ದಿತು ಅಂದ್ರೆ, ಅಂಕೋಲೆ ಪೇಟೆಯ ಒಡೆದ ಹಂಚುಗಳೆಲ್ಲ ಕಂಡವು. ಕೆಳಗೆ ಬಿದ್ದಾಗ ಬಲೆಯಲ್ಲಿ ಒಂದು ಚಪ್ಪಲಿ ಇತ್ತು. ಅದೂ ನನ್ನದೇ.

2. ಬಾಳೆಗುಳಿ ಕ್ರಾಸು

ಹೆದ್ದಾರಿಯಲ್ಲಿ ಐಸು ಹಾಕಿದ ಮೀನಿನ ಲಾರಿಗಳು ಹೋಗ್ತವೆ, ಕೈ ಮಾಡಿದರೆ ನಿಲ್ಲುವುದಿಲ್ಲ. ರಸ್ತೆಗೆ ಅಡ್ಡ ಮಲಗಿಬಿಟ್ಟೆ. ಲಾರಿ ನನ್ನ ಮೂಗಿನಿಂದ ಗೇಣು ದೂರದಲ್ಲಿ ನಿಂತಿತು. ಡ್ರೈವರ್ ಇಳಿದು, ಹೊಸ ಮೊಬೈಲು ಕಿವಿಗಿಟ್ಟು, ಯಾರೋ ಮುದುಕ ಸತ್ತ ಅಂತ ಯಜಮಾನನಿಗೆ ಹೇಳ್ತಿದ್ದ. ನಾನು ಒಂದೇ ಕಣ್ಣು ತೆರೆದು ಕೇಳಿದೆ, "ನೊಗ್ಲಿ ಉಂಟಾ?"

ಅವನು ಬಾಯಿಗೆ ಬಂದಂತೆ ಬೈದ. ಸಾಯುವಾಗಲೂ ಮೀನು ಬೇಕೇನೋ ಅಂದ.

"ಸತ್ತವಳಿಗೇ ಬೇಕಾಗಿದ್ದು ಮಾರಾಯಾ."

ಅವನು ಪೆಟ್ಟಿಗೆ ತೆಗೆದು ಎರಡು ಕೊಟ್ಟ. ಹೊರಡುವಾಗ, ಮುಂದಿನ ಸಲ ಬಸ್ಸಿಗೆ ಅಡ್ಡ ಮಲಗು ಅಂದ.

3. ಎಡೆ

ಹುರಿದು ಎಲೆಗೆ ಇಟ್ಟಿದ್ದೇ ತಡ, ಗರುಡನಷ್ಟು ದೊಡ್ಡ ಕಾಗೆ ಇಳಿಯಿತು. ಅವಳ ಹಾಗೇ ಕತ್ತು ವಾರೆ ಮಾಡಿ ನನ್ನನ್ನು ನೋಡಿ, ದೊಡ್ಡ ಮೀನೇ ಎತ್ತಿಕೊಂಡು ಹೋಯಿತು. ಮೊನ್ನೆ ಬಲೆ ಹೊಲಿಯುವ ಚಪ್ಪರದಲ್ಲಿ ಇದನ್ನು ಹೇಳ್ತಿದ್ದಾಗ ಎಲ್ಲರೂ ಕೈ ಮುಗಿದರು. ಚಾ ತಂದ ಮಗಳು ಮಾತ್ರ ಲೋಟ ಕೆಳಗಿಟ್ಟಳು.

"ಅಪ್ಪಾ, ಕಾಗೆ ಎಲ್ಲಿ ಬಂತು? ಮೀನು ಕಚ್ಚಿಕೊಂಡು ಓಡಿದ್ದು ಪಕ್ಕದ ಮನೆ ಬೆಕ್ಕು. ಹೊಡೀಬೇಡ ಅಂತ ನನ್ನ ಕೈ ಹಿಡಿದವ ನೀನೇ."

ಚಪ್ಪರದಲ್ಲಿ ಸೂಜಿಗಳು ನಿಂತವು. ನಾನು ಹೆಗಲು ಹಾರಿಸಿದೆ.

"ನಿಮ್ಮವ್ವಿ ಬದುಕಿದ್ದಾಗಾದರೂ ನಾನು ಹೇಳಿದ ಹಾಗೆ ಬಂದವಳಾ? ಹೇಗೋ ಬಂದಳಲ್ಲ, ಉಂಡಳಲ್ಲ. ಚಾ ಕೊಡು."