ಬಂದವರಿಗಂತ ಇಟ್ಟ ನೀರು

ನಾನು ಯುರೇನಿಯಂ, ರೇಡಿಯಂನಂಥ ವಿಕಿರಣ ವಸ್ತುಗಳನ್ನು ಪರೀಕ್ಷಿಸುವ ಕೆಮಿಸ್ಟು. ಶಹಾಪುರ, ಸುರಪುರದ ಕಡೆ ಬೋರಿನ ನೀರಿನಲ್ಲಿ ಯುರೇನಿಯಂ ಎಷ್ಟಿದೆಯೆಂದು ನೋಡಲು ಹೋದಾಗಲೆಲ್ಲ ನನ್ನ ಲೆಕ್ಕವೇ ಒಂದು, ಮನೆಯವರ ಲೆಕ್ಕವೇ ಒಂದು. ದೇವಾಪುರದ ಒಂದು ಮನೆಯಲ್ಲಂತೂ ಹೋದ ಮೂರು ಸಲವೂ ಇದೇ ಆಯಿತು.

೧. ಕಟ್ಟೆ

ಆ ಮನೆಯ ಅಮ್ಮನಿಗೆ ಒಂದೇ ಚಿಂತೆ. ಮಗಳು ಹೆರಿಗೆಗೆ ಬಂದಿದ್ದಾಳೆ, ಅವಳಿಗೆ ಬೋರಿನ ನೀರು ಕುಡಿಸಬಹುದೋ ಇಲ್ಲವೋ? ನಾನು ವಿಕಿರಣ ಅಳೆಯುವ ಮೀಟರ್ ಹಿಡಿದು ಬಾಗಿಲಿಗೆ ಬಂದೆ. ಕಲ್ಲಿನ ಕಟ್ಟೆಯ ಹತ್ತಿರ ಅದರ ಟಿಕ್ ಟಿಕ್ ಸ್ವಲ್ಪ ಜೋರಾಯಿತು. ಕಟ್ಟೆಯ ಮೇಲೆ ಅವರ ಯಜಮಾನರು ಆರಾಮಾಗಿ ಒರಗಿದ್ದರು.

"ಗ್ರಾನೈಟ್ ಕಲ್ಲಿನಾಗ ಇಷ್ಟು ಇರೂದ ಅದ. ಏನೂ ಆಗೂದಿಲ್ಲ," ಎಂದೆ.

"ಸಣ್ಣ ದನಿಲೆ ಹೇಳ್ರಿ ಸರ್," ಎಂದು ಅಮ್ಮ ಗಂಡನ ಕಡೆ ತಿರುಗಿದರು. "ಕಟ್ಟಿ ಬಿಟ್ಟು ಏಳ್ರಿ ಅಂತ ನಾ ದಿನಾ ಹೇಳಿದ್ರ ಕೇಳಲಿಲ್ಲ. ಈಗ ಮಷಿನ್ ಹೇಳಾಕತ್ತದ ನೋಡ್ರಿ."

ಯಜಮಾನರು ಮಷಿನ್ನಿನ ಮಾತಿಗೂ ಬೆಲೆ ಕೊಡಲಿಲ್ಲ. ಮಗ್ಗುಲು ಬದಲಿಸಿದರು.

೨. ಕ್ಯಾನು

ಬೋರಿನ ನೀರು ತುಂಬಿ ಕೊಡಿ ಎಂದು ಕ್ಯಾನು ಕೊಟ್ಟೆ. ಅಮ್ಮ ಒಳಗೆ ಹೋಗಿ ತುಂಬಿ ತಂದರು. ಲ್ಯಾಬಿನಲ್ಲಿ ನೋಡಿದರೆ ಯುರೇನಿಯಂ ಇಲ್ಲ, ಉಪ್ಪಿಲ್ಲ, ಸುಣ್ಣವೂ ಇಲ್ಲ. ಆ ನೆಲದಲ್ಲಿ ಇಂಥ ನೀರು ಎಲ್ಲಿಂದ ಬರಬೇಕು? ಮತ್ತೆ ಹೋಗಿ ಕೇಳಿದೆ.

"ಅದು ಬೋರಿನ ನೀರ ಹೌದಿಲ್ರಿ ಅಮ್ಮ?"

"ಅಲ್ರಿ, ಫಿಲ್ಟರ್ ನೀರು. ಬಂದವರಿಗಂತ ಒಂದು ಕೊಡ ಇಟ್ಟಿರ್ತೀವಿ. ಅಷ್ಟು ದೂರದಿಂದ ಬಂದೀರಿ, ನಿಮಗ ಸವಳು ನೀರು ಹ್ಯಾಂಗ ತುಂಬಿ ಕೊಡಬೇಕ್ರಿ?"

ಈ ಸಲ ನಾನೇ ಪಂಪಿನ ಬಾಯಿಗೆ ಕ್ಯಾನು ಹಿಡಿದೆ. ಅಮ್ಮ ಮರ್ಯಾದೆ ಹೋದವರ ಹಾಗೆ ಆ ಕಡೆ ಮುಖ ಮಾಡಿ ನಿಂತರು.

೩. ಲೋಟ

ಪಂಪಿನಿಂದ ಹಿಡಿದ ನೀರಿನಲ್ಲಿ ಯುರೇನಿಯಂ ಮಿತಿಯೊಳಗೇ ಇತ್ತು. ನೀರು ತುಸು ಸವಳು, ಕುಡಿಯಲು ಅಡ್ಡಿಯಿಲ್ಲ. ಫೋನು ಮಾಡಿದರೂ ಸಾಕಿತ್ತು, ಆದರೆ ಮನಸ್ಸು ತಡೆಯದೆ ನಾನೇ ಹೋಗಿ ಹೇಳಿದೆ.

ಕಟ್ಟೆಯ ಮೇಲಿಂದ ಯಜಮಾನರು, "ಹಂಗಾದ್ರ ಮೊದಲ ನೀವ ಕುಡೀರಿ ಸರ್," ಎಂದರು.

"ಬಂದವರಿಗೆ ಹಿಂಗ ಅಂತಾರೇನ್ರಿ?" ಎಂದು ಅಮ್ಮ ಸಿಡುಕಿದರು.

ನಾನು ಪಂಪಿಗೆ ಲೋಟ ಹಿಡಿದು ಪೂರ್ತಿ ಕುಡಿದೆ. ಮಗಳು ನಗುತ್ತ ತಾನೂ ಒಂದು ಲೋಟ ಕುಡಿದಳು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ನಿಮ್ಮ ಹೊಟ್ಟಿ ತಣ್ಣಗಿರ್ಲಿ," ಎಂದರು. ಈ ಕೆಲಸಕ್ಕೆ ಸೇರಿದ್ದಕ್ಕೆ ಅವತ್ತಿನಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.

ಆಮೇಲೆ ಅವರು ಒಳಗೆ ಹೋಗಿ ಒಂದು ತಂಬಿಗೆ ಫಿಲ್ಟರ್ ನೀರು ತಂದು ನನ್ನ ಮುಂದಿಟ್ಟರು.

"ನಮ್ಮ ನೀರಾಗ ಏನೂ ಇಲ್ಲಂತ ಖಾತ್ರಿ ಆತ್ರಿ ಸರ್. ಇನ್ನ ಇದರಿಂದ ಬಾಯಿ ಮುಕ್ಕಳಿಸ್ರಿ."